ದೆವ್ವಗಳಿಲ್ಲದ ಅಕ್ಟೋಬರ್

ಓರಿನ್ ಸ್ಟಟ್ಸ್‌ಮನ್ ತನ್ನ ಆಯುಷ್ಯದ ಬಹುಪಾಲನ್ನು ಬೇರೆಯವರ ಮನೆಯ ನೆಲಮಾಳಿಗೆಯಲ್ಲಿ ಕಳೆದವನು. ಕಳ್ಳನಲ್ಲ, ಫರ್ನೇಸು ರಿಪೇರಿಯವನು. ಒಹಾಯೋದ ಚಳಿಯಲ್ಲಿ ಮನೆ ಬೆಚ್ಚಗಿರಬೇಕಾದರೆ ನೆಲದಡಿಯಲ್ಲಿ ಒಂದು ಫರ್ನೇಸು ಗೊರಗೊರ ಅನ್ನುತ್ತಲೇ ಇರಬೇಕು. ಅದು ಸುಮ್ಮನಾದ ದಿನ ಆರ್ಡೆನ್‌ಬರ್ಗ್ ಊರಿನ ಹೆಂಗಸರು ಮೊದಲು ಗಂಡನನ್ನು ಬೈಯುತ್ತಿದ್ದರು, ಆಮೇಲೆ ಓರಿನ್‌ನನ್ನು ಕರೆಯುತ್ತಿದ್ದರು. ಅವನು ಟಾರ್ಚು ಹಿಡಿದು, ಜೇಡರ ಬಲೆ ಸರಿಸಿ, ಕಿರುಗುಟ್ಟುವ ಮರದ ಮೆಟ್ಟಿಲಿಳಿದು ಕತ್ತಲಲ್ಲಿ ಮಾಯವಾಗುತ್ತಿದ್ದ. ಗುಂಡಿಗೆ ಗಟ್ಟಿಯಿದ್ದವನು ಮಾತ್ರ ಅಂಥ ಗುಂಡಿಗೆ ಇಳಿಯಬಲ್ಲ.

ಕೆಲಸ ಕಲಿಯುವ ದಿನಗಳಲ್ಲಿ ಅವನ ಗುಂಡಿಗೆ ಅಷ್ಟೇನೂ ಗಟ್ಟಿಯಿರಲಿಲ್ಲ. ಮೇಲಿನ ಮೆಟ್ಟಿಲಲ್ಲೇ ನಿಂತು "ಕೆಳಗೆ ಯಾರಾದ್ರೂ ಇದ್ದೀರಾ?" ಅಂತ ಕೇಳುತ್ತಿದ್ದನಂತೆ. ಅವನಿಗೆ ಕೆಲಸ ಕಲಿಸುತ್ತಿದ್ದ ಮುದುಕ ಇದನ್ನು ಕೆಲವು ದಿನ ಸಹಿಸಿಕೊಂಡು, ಒಂದು ಅಕ್ಟೋಬರ್ ಸಂಜೆ ಅವನನ್ನು ವ್ಯಾನಿಗೆ ಹತ್ತಿಸಿಕೊಂಡು ಊರಾಚೆಯ ಬಯಲು ಥಿಯೇಟರಿಗೆ ಕರೆದೊಯ್ದ. ಗಾಡಿಯಲ್ಲೇ ಕೂತು ನೋಡುವ ಥಿಯೇಟರು. ಅಕ್ಟೋಬರ್ ಬಂತೆಂದರೆ ಅಲ್ಲಿ ದೆವ್ವದ ಸಿನಿಮಾ ಬಿಟ್ಟು ಬೇರೇನೂ ಹಾಕುತ್ತಿರಲಿಲ್ಲ.

"ಕಣ್ಣು ಬಿಟ್ಕೊಂಡು ನೋಡು ಮಗಾ," ಅಂದ ಮುದುಕ. "ನೆಲಮಾಳಿಗೇಲಿ ಏನೇನು ಇರಬಹುದೋ ಅಷ್ಟೂ ಇವತ್ತು ಪರದೆ ಮೇಲೆ ಬರುತ್ತೆ. ನಾಳೆ ನೀನು ಇಳಿಯೋ ಮನೇಲಿ ಇದರಲ್ಲಿ ಕಾಲುಭಾಗ ಸಿಕ್ಕಿದ್ರೂ ನಿನ್ನ ಸಂಬಳ ಜಾಸ್ತಿ ಮಾಡ್ತೀನಿ."

ಮರುದಿನ ಸಿಕ್ಕಿದ್ದು ಮರಿ ಹಾಕಿದ ಬೆಕ್ಕು. ಸಂಬಳ ಜಾಸ್ತಿಯಾಗಲಿಲ್ಲ, ಹೆದರಿಕೆ ಕಡಿಮೆಯಾಯಿತು. ಅದಾದ ಮೇಲೆ ಓರಿನ್ ಒಂದು ಅಕ್ಟೋಬರನ್ನೂ ಬಿಡಲಿಲ್ಲ. ತಿಂಗಳು ಹುಟ್ಟಿದ ಸಂಜೆಯಿಂದ ತಿಂಗಳ ಕೊನೆಗೆ ಬರುವ ದೆವ್ವಗಳ ಹಬ್ಬ ಹ್ಯಾಲೊವೀನಿನ ಸಂಜೆಯವರೆಗೆ ದಿನಕ್ಕೊಂದು ದೆವ್ವದ ಸಿನಿಮಾ. ನಮ್ಮಲ್ಲಿ ಕಾರ್ತಿಕ ಮಾಸಕ್ಕೆ ದೀಪ ಹಚ್ಚುವ ನಿಷ್ಠೆ ಹೇಗೋ ಅವನದು ಹಾಗೆ.

ಆ ಬಯಲು ಥಿಯೇಟರಿಗೇ ಮರುವರ್ಷ ಲವೋನ್ ಬಂದಳು. ಬೇಕರಿಯಲ್ಲಿ ಕೆಲಸ ಮಾಡುತ್ತಿದ್ದ ಹುಡುಗಿ. ಪರದೆಯ ಮೇಲೆ ಬಾವಿಯಿಂದ ಕೈಯೊಂದು ಮೇಲೆದ್ದಿತು; ಇತ್ತ ಲವೋನ್‌ಳ ಕೈ ಓರಿನ್‌ನ ಮುಂದೋಳನ್ನು ಕಚ್ಚಿಕೊಂಡಿತು. ಉಗುರಿನ ಗುರುತು ವಾರವಾದರೂ ಹೋಗಲಿಲ್ಲ. ಪಾಣಿಗ್ರಹಣ ಅಲ್ಲೇ ಆಯಿತೆನ್ನಬೇಕು, ಚರ್ಚಿನಲ್ಲಿ ಆಮೇಲೆ ಆದದ್ದು ಬರೀ ಶಾಸ್ತ್ರ. ಅಂದಿನಿಂದ ಇಂದಿನವರೆಗೆ ಲವೋನ್ ಒಂದೂ ಸಿನಿಮಾವನ್ನು ಪೂರ್ತಿ ನೋಡಿಲ್ಲ. ಅರ್ಧ ಕಂಬಳಿಯೊಳಗಿಂದ, ಅರ್ಧ ಬೆರಳ ಸಂದಿಯಿಂದ. ಆದರೆ ಒಂದನ್ನೂ ತಪ್ಪಿಸಿಕೊಂಡಿಲ್ಲ.

ಥಿಯೇಟರು ಮುಚ್ಚಿತು, ಅಲ್ಲಿ ಗೋದಾಮು ಬಂತು. ಓರಿನ್ ತನ್ನ ನೆಲಮಾಳಿಗೆಯನ್ನೇ ಥಿಯೇಟರು ಮಾಡಿದ. ಫರ್ನೇಸಿನ ಪಕ್ಕದಲ್ಲಿ ದೊಡ್ಡ ಟೀವಿ, ಎದುರಿಗೆ ಹಳೆಯ ಸೋಫಾ. ಅವರ ಮನೆಯಿದ್ದ ಬಕೈ ಬೀದಿಯಲ್ಲಿ ಒಂದು ಪದ್ಧತಿ ತಾನಾಗಿ ಬೆಳೆಯಿತು: ಸ್ಟಟ್ಸ್‌ಮನ್ನರ ಮುಂಬಾಗಿಲ ಕಟ್ಟೆಯ ಮೇಲೆ, ಕಣ್ಣು ಬಾಯಿ ಕೊರೆದ ಕುಂಬಳಕಾಯಿಯೊಳಗೆ ದೀಪ ಉರಿಯುತ್ತಿದ್ದರೆ ಸಿನಿಮಾ ಉಂಟು ಎಂದರ್ಥ. ಯಾರು ಬೇಕಾದರೂ ಬರಬಹುದು. ಕುರ್ಚಿ ನಿಮ್ಮದು, ತಿಂಡಿ ನಿಮ್ಮದು, ದೆವ್ವ ಮಾತ್ರ ಓರಿನ್‌ನದು.

ಅವನ ಜೊತೆ ಸಿನಿಮಾ ನೋಡುವುದು ಒಂದು ಬಗೆಯ ಶಿಕ್ಷೆಯೂ ಹೌದು. ಪರದೆಯಲ್ಲಿ ಮೈ ನಡುಗಿಸುವ ಬಡಿತ ಕೇಳಿ ಎಲ್ಲರೂ ಉಸಿರು ಬಿಗಿಹಿಡಿದಿರುವಾಗ ಅವನು, "ಅದು ದೆವ್ವ ಅಲ್ಲ, ಕೊಳವೆ. ಕಾದಿದ್ದು ತಣ್ಣಗಾಗೋವಾಗ ಹಾಗೇ ಬಡಿಯುತ್ತೆ," ಅನ್ನುವವನು. ನಾಯಕಿ ಕೋಣೆಗೆ ಕಾಲಿಟ್ಟೊಡನೆ ಬಾಯಿಂದ ಹಬೆ ಬಂದರೆ, "ಅಯ್ಯೋ, ಫರ್ನೇಸಿನ ಪೈಲೆಟ್ ದೀಪ ಆರಿದೆ ಕಣಮ್ಮ, ಪಾದ್ರಿನ ಯಾಕೆ ಕರೀತೀಯ, ನನ್ನ ಕರಿ!" ಆದರೆ ಜನ ಬರುತ್ತಿದ್ದರು. ಏಕೆಂದರೆ ಸಿನಿಮಾ ಮುಗಿದು ದೀಪ ಹಾಕಿದಾಗ ಒಂದು ಗಳಿಗೆ ಇತ್ತಲ್ಲ, ಎಲ್ಲರೂ ಒಬ್ಬರ ಮುಖ ಒಬ್ಬರು ನೋಡಿ, ಎಲ್ಲರೂ ಇದ್ದೇವೆ ಎಂದು ಖಾತ್ರಿ ಮಾಡಿಕೊಂಡು, ಹೋ ಎಂದು ನಕ್ಕು, ಸೇಬಿನ ರಸಕ್ಕೂ ಡೋನಟ್ಟಿಗೂ ಕೈಹಾಕುವ ಗಳಿಗೆ. ಓರಿನ್‌ಗೆ ಬೇಕಾದದ್ದು ಅದೇ. ಹೆದರಿಕೆ ಅವನಿಗೆ ಬೇಕಿರಲಿಲ್ಲ, ಹೆದರಿಕೆ ಹೋದದ್ದು ಬೇಕಿತ್ತು. ಬಾರದ ಹೆದರಿಕೆ ಹೋಗುವುದು ಹೇಗೆ, ಅದಕ್ಕೇ ಮೊದಲು ಬರಿಸಿಕೊಳ್ಳುತ್ತಿದ್ದ.

ಹೀಗೆ ಭೂತಗಳ ಜೊತೆ ವರ್ತಮಾನ ಸುಖವಾಗಿರುವಾಗ ಭವಿಷ್ಯ ಅಡ್ಡ ಬಂತು. ಮಾರ್ಚಿನಲ್ಲಿ, ಕೊನೆಯ ಒದ್ದೆ ಹಿಮವನ್ನು ಬಾಗಿಲ ಮುಂದಿನಿಂದ ಗೋರುತ್ತಿದ್ದಾಗ ಓರಿನ್ ಸಲಿಕೆಯ ಮೇಲೆ ಒರಗಿದ, ಸಲಿಕೆ ಹಿಮದ ಮೇಲೆ ಒರಗಿತು. ಆಸ್ಪತ್ರೆಯಲ್ಲಿ ಹೃದಯದ ಕಟ್ಟಿದ ರಕ್ತನಾಳ ಬಿಡಿಸಿ ಒಳಗೊಂದು ಪುಟ್ಟ ಬಲೆ ಕೂರಿಸಿದರು. ಜೀವನವಿಡೀ ಪರರ ಮನೆಯ ಕಟ್ಟಿದ ಕೊಳವೆ ಬಿಡಿಸಿದವನ ಒಳಗಿನ ಕೊಳವೆಯೇ ಕಟ್ಟಿತ್ತು. ನಾಳ ಕಟ್ಟಿದರೆ ನಾಳೆಯೂ ಕಟ್ಟಿದಂತೆ; ಸದ್ಯ, ಸಮಯಕ್ಕೆ ಬಿಡಿಸಿದರು. ಡಾಕ್ಟರ್ ರೂತ್ ಎಲ್ವುಡ್ ಮನೆಗೆ ಕಳಿಸುವಾಗ ಹೇಳಿದ್ದು ಒಂದೇ ಮಾತು: "ಸದ್ಯಕ್ಕೆ ಜಾಸ್ತಿ ಉದ್ವೇಗ ಬೇಡ. ಅಕ್ಟೋಬರಲ್ಲಿ ಬನ್ನಿ, ನೋಡೋಣ."

ಆ ಒಂದು ಮಾತನ್ನು ಲವೋನ್ ಬೇಕರಿಯ ಹಿಟ್ಟಿನಂತೆ ನಾದಿ, ಉಬ್ಬಿಸಿ, ಮನೆತುಂಬ ಮಾಡಿದಳು. ಕಾಫಿ ಹೋಯಿತು. ಟೀವಿಯ ಸುದ್ದಿ ಹೋಯಿತು. ಸೆಪ್ಟೆಂಬರ್ ಮುಗಿಯುವ ಹೊತ್ತಿಗೆ ಓರಿನ್ ಕೂಡಿಟ್ಟಿದ್ದ ಟೇಪು, ಡಿಸ್ಕುಗಳ ಪೆಟ್ಟಿಗೆಗಳೆಲ್ಲ ಪಕ್ಕದ ಮನೆಯ ಡ್ವೈಟ್ ಹಾಫ್ನರ್‌ನ ಗ್ಯಾರೇಜಿಗೆ ಹೋದವು. ಡ್ವೈಟ್ ನಿವೃತ್ತ ಪೋಸ್ಟ್‌ಮ್ಯಾನ್, ಹೆಂಡತಿಯಿಲ್ಲದವನು, ಓರಿನ್‌ನ ಸಿನಿಮಾಗಳಿಗೆ ಮೊದಲ ಕುರ್ಚಿ ತರುತ್ತಿದ್ದವನು.

"ಬರೀ ಒಂದು ತಿಂಗಳಿನ ವಿಷಯ ಕಣೇ," ಅಂದ ಓರಿನ್.

"ನನಗೆ ಬರೀ ಒಬ್ಬ ಗಂಡನ ವಿಷಯ," ಅಂದಳು ಲವೋನ್. "ಹಾರರ್ ನೋಡಿ ನಿನ್ನ ಪ್ರಾಣಪಕ್ಷಿ ಹಾರ್‌ಹೋದ್ರೆ ಆ ಸಿನಿಮಾದವರು ಬರ್ತಾರಾ ನನ್ನ ಜೊತೆ ಬದುಕೋಕೆ? ಡಾಕ್ಟ್ರು ನೋಡಿ ಸರಿ ಅನ್ನೋವರೆಗೂ ದೀಪ ಹಚ್ಚೋ ಹಾಗಿಲ್ಲ."

ಕುಂಬಳಕಾಯಿ ಕಟ್ಟೆಯ ಮೇಲೆ ಬಂತು. ಕಣ್ಣು ಕೊರೆಯಲಿಲ್ಲ, ದೀಪ ಇಡಲಿಲ್ಲ. ಸಂಜೆ ಲವೋನ್ ಬೇರೆ ಸಿನಿಮಾ ಹಾಕುತ್ತಿದ್ದಳು. ಪಟ್ಟಣದ ಹುಡುಗಿ ಹಳ್ಳಿಗೆ ಬರುತ್ತಾಳೆ, ಹಿಮ ಬೀಳುತ್ತದೆ, ಕ್ರಿಸ್‌ಮಸ್ ಮರ ಬೆಳೆಯುವವನ ಮೇಲೆ ಪ್ರೀತಿ ಬೀಳುತ್ತದೆ. ಮರುದಿನದ ಸಿನಿಮಾದಲ್ಲೂ ಅದೇ ಹಿಮ, ಬೇರೆ ಹುಡುಗಿ. ಅದೇ ಹಲ್ಲು ಬಿಟ್ಟು ನಗುವ ಆ ಜನರನ್ನು ಕಂಡರೆ ಓರಿನ್‌ಗೆ ಎಂಥದೋ ಭಯವಾಗುತ್ತಿತ್ತು. "ಈ ಮನೆ ನೆಲಮಾಳಿಗೇಲಿ ಖಂಡಿತ ಹೆಣ ಇದೆ," ಅನ್ನುತ್ತಿದ್ದ.

ಇದು ಮನೆಯೊಳಗಿನ ಮಾತಾಯಿತು. ಅಕ್ಟೋಬರ್ ಹುಟ್ಟಿದ ಮೇಲೆ ಒಂದು ಬೆಳಗ್ಗೆ ಓರಿನ್ ಡಾಕ್ಟರು ಹೇಳಿದ ನಡಿಗೆಗೆಂದು ಬೀದಿಗಿಳಿದವನು ಅರ್ಧದಲ್ಲೇ ನಿಂತುಬಿಟ್ಟ.

ಪಕ್ಕದ ಬೀದಿಯಲ್ಲಿ ಹ್ಯಾಲೊವೀನಿನ ಅಲಂಕಾರ ಎಲ್ಲ ಸರಿಯಾಗಿತ್ತು. ಹುಲ್ಲಿನಿಂದ ಸತ್ತವರ ಕೈಗಳು ಮೇಲೆದ್ದಿದ್ದವು, ಮರದಿಂದ ಬಾವಲಿಗಳು ಜೋತಿದ್ದವು, ಗೋರಿಕಲ್ಲುಗಳು ನೆಟ್ಟಗೆ ನಿಂತಿದ್ದವು. ಬಕೈ ಬೀದಿಯಲ್ಲಿ ಮಾತ್ರ ಏನೂ ಇರಲಿಲ್ಲ. ಎದುರು ಮನೆಯ ಜೀನೆಟ್ ಪಾವ್ಲಿಕ್ ಪ್ರತಿವರ್ಷ ಅಂಗಳದಲ್ಲಿ ನಿಲ್ಲಿಸುತ್ತಿದ್ದ ಎರಡಾಳೆತ್ತರದ ಅಸ್ಥಿಪಂಜರ ನಾಪತ್ತೆ. ಅದು ನಿಲ್ಲುತ್ತಿದ್ದ ಜಾಗದಲ್ಲಿ ಸೇವಂತಿಗೆಯ ಕುಂಡ. ಅದರ ಪಕ್ಕದ ಮೂಲೆ ಮನೆಯ ಮಾಟಗಾತಿ ಇಲ್ಲ, ಅಲ್ಲೂ ಸೇವಂತಿಗೆ. ಬೀದಿಯುದ್ದಕ್ಕೂ ಹಳದಿ, ಬಿಳಿ, ನೇರಳೆ ಸೇವಂತಿಗೆ. ಇಷ್ಟು ಹೂವು ಒಟ್ಟಿಗೆ ಓರಿನ್ ನೋಡಿದ್ದು ಒಂದೇ ಬಗೆಯ ಸಂದರ್ಭದಲ್ಲಿ, ಮತ್ತು ಆ ಸಂದರ್ಭದಲ್ಲಿ ಮುಖ್ಯ ಅತಿಥಿ ಮಲಗಿರುತ್ತಾನೆ.

ಜೀನೆಟ್ ಎಲೆ ಗುಡಿಸುತ್ತಿದ್ದಳು. ಊರಿಗೆಲ್ಲ ಕೇಳುವ ಗಂಟಲಿನವಳು. ಓರಿನ್‌ನನ್ನು ಕಂಡವಳೇ ಪೊರಕೆಯನ್ನು ಮೆಲ್ಲಗೆ ಒರಗಿಸಿಟ್ಟು, ಮಗು ಮಲಗಿರುವ ಮನೆಯಲ್ಲಿ ಮಾತಾಡುವಂತೆ, "ಹೇಗಿದ್ದೀಯಾ ಓರಿನ್?" ಅಂದಳು.

"ಚೆನ್ನಾಗಿದೀನಿ. ನಿನ್ನ ಮೂಳೆ ಮಹರಾಯ ಎಲ್ಲಿ?"

"ಅವನಾ... ಅವನಿಗೆ ಮಂಡಿ ನೋವು," ಅಂದಳು ಜೀನೆಟ್. ಆಮೇಲೆ, ಇದುವರೆಗೆ ಎಂದೂ ಮಾಡದಿದ್ದುದನ್ನು ಮಾಡಿದಳು: ಅವನ ಭುಜ ಸವರಿದಳು. "ನೀನು ಅದೆಲ್ಲ ಯೋಚನೆ ಮಾಡ್ಬೇಡ. ಸುಮ್ಮನೆ ವಿಶ್ರಾಂತಿ ತಗೋ."

ಓರಿನ್ ಮನೆಗೆ ಬಂದು ನೀರು ಕುಡಿದ. ಎದೆ ಡವಡವ ಅನ್ನುತ್ತಿತ್ತು.

ಮರುದಿನದಿಂದ ಬಾಗಿಲ ಗಂಟೆ ಬಡಿದುಕೊಳ್ಳತೊಡಗಿತು. ಮೊದಲು ಬಂದದ್ದು ಜೀನೆಟ್, ಕೈಯಲ್ಲಿ ಬೆಳ್ಳಿಹಾಳೆ ಮುಚ್ಚಿದ ಗಾಜಿನ ತಟ್ಟೆ. ತಳದಲ್ಲಿ ಅಂಟುಪಟ್ಟಿ ಹಚ್ಚಿ ತನ್ನ ಹೆಸರು ಬರೆದಿದ್ದಳು, ಖಾಲಿಯಾದ ಮೇಲೆ ತಟ್ಟೆ ಹಿಂದಿರುಗಲಿ ಎಂದು. ಓರಿನ್ ಹಾಳೆಯ ಮೂಲೆ ಎತ್ತಿ ನೋಡಿದ. ತುರಿದ ಆಲೂಗೆಡ್ಡೆ, ಹುಳಿಕೆನೆ, ಚೀಸು, ಬೆಣ್ಣೆ. ಮೇಲೆ ಕರಿದಂತೆ ಕೆಂಪಗಾದ ಜೋಳದ ಪದರ.

ಆರ್ಡೆನ್‌ಬರ್ಗಿನಲ್ಲಿ ಆ ತಿನಿಸಿಗೆ ಒಂದೇ ಹೆಸರು: ಸಾವಿನ ಆಲೂಗೆಡ್ಡೆ. ಯಾರ ಮನೆಯಲ್ಲಾದರೂ ಒಬ್ಬರು ತೀರಿಹೋದರೆಂದರೆ ಒಲೆ ಹಚ್ಚುವ ಗೋಜಿರಬಾರದೆಂದು ನೆರೆಹೊರೆಯವರು ಅದನ್ನು ಮಾಡಿ ತರುತ್ತಾರೆ. ಓರಿನ್ ತನ್ನ ಅಪ್ಪನ ಸಾವಿಗೆ ತಿಂದಿದ್ದ, ಅಮ್ಮನ ಸಾವಿಗೆ ತಿಂದಿದ್ದ, ಡ್ವೈಟ್‌ನ ಹೆಂಡತಿಯ ಸಾವಿಗೆ ಎರಡು ಸಲ ಬಡಿಸಿಕೊಂಡು ತಿಂದಿದ್ದ. ತನ್ನ ಸಾವಿನದನ್ನು ತಾನೇ ತಿನ್ನುವ ಭಾಗ್ಯ ಬರುತ್ತದೆಂದು ಎಣಿಸಿರಲಿಲ್ಲ.

"ಇದು... ಅದೇ ಅಲ್ವಾ ಜೀನೆಟ್?"

"ಅದೇ. ನಂಗೆ ಚೆನ್ನಾಗಿ ಬರೋದು ಅದೊಂದೇ ಕಣೋ," ಅಂದಳು ಜೀನೆಟ್ ಪಿಸುದನಿಯಲ್ಲಿ. "ಲವೋನ್‌ಗೂ ಸ್ವಲ್ಪ ಆಸರೆ ಆಗುತ್ತೆ, ಪಾಪ."

ಪಾಪ! ಆ ಪದ ಓರಿನ್‌ನ ಎದೆಗೆ ಮೊಳೆಯಂತೆ ಇಳಿಯಿತು. ಸಂಜೆ ಮೂಲೆ ಮನೆಯವರು ಅದನ್ನೇ ತಂದರು. ಮರುದಿನ ಚರ್ಚಿನ ಹೆಂಗಸರು ಅದನ್ನೇ ಇನ್ನೂ ದೊಡ್ಡ ತಟ್ಟೆಯಲ್ಲಿ ತಂದರು. ಫ್ರಿಜ್ಜು ತುಂಬಿತು. ಓರಿನ್ ಬಾಗಿಲು ತೆರೆದು ನೋಡಿದರೆ ಒಳಗಿಂದ ತಣ್ಣನೆಯ ಬೆಳಕಿನಲ್ಲಿ ಬೆಳ್ಳಿಹಾಳೆ ಹೊದ್ದು ಸಾಲಾಗಿ ಮಲಗಿದ್ದ ತಟ್ಟೆಗಳು ಶವಾಗಾರದಂತೆ ಕಾಣುತ್ತಿದ್ದವು.

ಅವನು ಅಷ್ಟು ವರ್ಷ ಸಿನಿಮಾ ನೋಡಿದ್ದು ಸುಮ್ಮನೆ ಹೋಗಲಿಲ್ಲ. ಈ ಕಥೆ ಅವನಿಗೆ ಗೊತ್ತಿತ್ತು. ಒಂದು ಊರು; ಊರಿನವರೆಲ್ಲ ಒಬ್ಬನನ್ನು ಕಂಡು ಮೆಲ್ಲಗೆ ನಗುತ್ತಾರೆ, ಯಾರೂ ಜೋರಾಗಿ ಮಾತಾಡುವುದಿಲ್ಲ; ಎಲ್ಲರಿಗೂ ಗೊತ್ತಿರುವ ಒಂದು ವಿಷಯ ಅವನೊಬ್ಬನಿಗೆ ಗೊತ್ತಿಲ್ಲ. ಕೊನೆಗೆ ಗೊತ್ತಾಗುವುದೇನು? ಅವನ ಕಥೆ ಮುಗಿದಿದೆ ಎಂದು. ಡಾಕ್ಟರು ಲವೋನ್‌ಳನ್ನು ಪಕ್ಕಕ್ಕೆ ಕರೆದು ಹೇಳಿರಬೇಕು. ಲವೋನ್ ಜೀನೆಟ್‌ಗೆ ಹೇಳಿರಬೇಕು. ಜೀನೆಟ್‌ಗೆ ಹೇಳಿದರೆ ಮುಗಿಯಿತು, ಚರ್ಚಿನ ಗಂಟೆಗೆ ರಜೆ ಕೊಡಬಹುದು. ಹೆಂಡತಿಯನ್ನು ಕೇಳೋಣವೆಂದರೆ, ಅವಳು ಹೌದು ಅಂದುಬಿಟ್ಟರೆ? ಕಂಡವರ ಮನೆಯ ಕತ್ತಲ ಮೆಟ್ಟಿಲನ್ನೆಲ್ಲ ಇಳಿದವನಿಗೆ ಈ ಒಂದು ಮೆಟ್ಟಿಲಿಳಿಯುವ ಧೈರ್ಯ ಬರಲಿಲ್ಲ.

ಆ ವಾರವೇ ಡಾಕ್ಟರ್ ಎಲ್ವುಡ್‌ರ ಕ್ಲಿನಿಕ್ಕಿಗೆ ಹೋಗುವುದಿತ್ತು. ಅವರು ಎದೆಗೆ ಬಿಸ್ಕತ್ತಿನಷ್ಟು ದೊಡ್ಡ ಯಂತ್ರವೊಂದನ್ನು ಅಂಟಿಸಿದರು. "ಹೃದಯ ಹೇಗೆ ಬಡಿಯುತ್ತೆ ಅಂತ ಇದು ಬರ್ಕೊಳ್ತಾ ಇರುತ್ತೆ. ಮುಂದಿನ ವಾರ ಬನ್ನಿ, ನೋಡಿ ಹೇಳ್ತೀನಿ. ಅಲ್ಲಿವರೆಗೂ ಎಂದಿನ ಹಾಗೇ ಇರಿ."

"ಎಂದಿನ ಹಾಗೇನಾ, ಡಾಕ್ಟ್ರಮ್ಮ?"

"ಎಂದಿನ ಹಾಗೇ."

ಅಂಗಿಯ ಗುಂಡಿ ಹಾಕಿಕೊಳ್ಳುವಾಗ ಓರಿನ್ ಅವರ ಮುಖವನ್ನೇ ನೋಡಿದ. ಡಾಕ್ಟರು ನಕ್ಕರು. ಮೆಲ್ಲಗೆ ನಕ್ಕರೇ, ಜೋರಾಗಿ ನಕ್ಕರೇ? ಅವನಿಗೆ ನಿರ್ಧಾರಕ್ಕೆ ಬರಲಾಗಲಿಲ್ಲ.

ಆಲೂಗೆಡ್ಡೆ ಬರುವುದು ನಿಲ್ಲಲಿಲ್ಲ. ಎರಡು ದಿನ ಬಿಟ್ಟು, ಮಧ್ಯಾಹ್ನದ ಊಟವಾದ ಮೇಲೆ ಲವೋನ್ ಖಾಲಿ ತಟ್ಟೆಗಳನ್ನು ಹಿಂದಿರುಗಿಸಲು ಚರ್ಚಿಗೆ ಹೋದಳು. ಓರಿನ್ ನೇರವಾಗಿ ಡ್ವೈಟ್‌ನ ಗ್ಯಾರೇಜಿಗೆ ನಡೆದ.

"ಪೆಟ್ಟಿಗೆ ತೆಗಿ," ಅಂದ.

"ಆಗೋದಿಲ್ಲಯ್ಯ," ಅಂದ ಡ್ವೈಟ್. "ನೀನು ನನ್ನ ಗ್ಯಾರೇಜಲ್ಲಿ ಸತ್ರೆ ಲವೋನ್ ನನ್ನ ಸಾಯಿಸ್ತಾಳೆ. ಒಂದೇ ಟಿಕೆಟ್ಟಿಗೆ ಎರಡು ಹೆಣ."

"ಡಾಕ್ಟ್ರು ಎಂದಿನ ಹಾಗೆ ಇರಿ ಅಂದಿದಾರೆ. ಅಕ್ಟೋಬರಲ್ಲಿ ಎಂದಿನ ಹಾಗೆ ಅಂದ್ರೆ ಏನು, ನೀನೇ ಹೇಳು."

ಡ್ವೈಟ್ ಯೋಚಿಸಿದ. ಮೂರು ದಶಕ ಮನೆಮನೆಗೆ ಕಾಗದ ಹಂಚಿದವನು. ಹೇಳಿದ ವಿಳಾಸಕ್ಕೆ ಹೇಳಿದ್ದನ್ನು ಮುಟ್ಟಿಸುವುದು ಅವನ ಧರ್ಮ. "ಅದೂ ಸರೀನೇ," ಅಂದು ಪೆಟ್ಟಿಗೆ ಎಳೆದ. "ಆದ್ರೆ ಸಣ್ಣ ದೆವ್ವದ್ದು ನೋಡೋಣ. ದೊಡ್ಡದು ಬೇಡ."

ಸರೋವರದ ದಂಡೆಯ ಹಳೆಯ ಮನೆಗೆ ಬಾಡಿಗೆಗೆ ಬಂದ ಕುಟುಂಬದ ಸಿನಿಮಾ. ಓರಿನ್ ಹಿಂದೆ ಹಲವು ಸಲ ನೋಡಿದ್ದು. ಮಡಚುವ ಕುರ್ಚಿಯಲ್ಲಿ ಕೂತು, ಕಾಲು ಚಾಚಿ, ಪಾಪ್‌ಕಾರ್ನಿನ ಬಟ್ಟಲಿಗೆ ಕೈಹಾಕಿದಾಗ ಅವನಿಗೆ ಎಷ್ಟೋ ದಿನದಿಂದ ಬಿಗಿದಿದ್ದ ಏನೋ ಒಂದು ಸಡಿಲವಾಯಿತು. ಈ ಮನೆಯಲ್ಲಿ ಯಾರು ಮೊದಲು ಸಾಯುತ್ತಾರೆ, ಯಾರು ಉಳಿಯುತ್ತಾರೆ ಎಂದು ಅವನಿಗೆ ಗೊತ್ತಿತ್ತು. ಇಲ್ಲಿ ಯಾರೂ ಅವನ ಭುಜ ಸವರುವುದಿಲ್ಲ. ದೆವ್ವ ನೇರವಾಗಿ ಬರುತ್ತದೆ, ಕೈಯಲ್ಲಿ ಆಲೂಗೆಡ್ಡೆಯಿಲ್ಲದೆ.

"ನೋಡು, ನೋಡು, ಇಳೀತಾಳೆ ನೆಲಮಾಳಿಗೆಗೆ," ಅಂದ ಡ್ವೈಟ್, ಕುರ್ಚಿಯ ತುದಿಗೆ ಬಂದು. "ಫರ್ನೇಸಿನ ಹಿಂದೆ ಇದಾನೆ ಕಣಮ್ಮ! ಓರಿನ್, ಹೇಳೋ ಅವಳಿಗೆ!"

ಓರಿನ್ ಹೇಳಲಿಲ್ಲ. ಅವನ ತಲೆ ಒಂದು ಕಡೆ ವಾಲಿತ್ತು, ಬಾಯಿ ಅರೆ ತೆರೆದಿತ್ತು. ನಿದ್ದೆ ಬಂದಿತ್ತು. ಆಲೂಗೆಡ್ಡೆ ಬಂದಂದಿನಿಂದ ಬಾರದ ನಿದ್ದೆ.

ಅದೇ ಹೊತ್ತಿಗೆ ಗ್ಯಾರೇಜಿನ ಪಕ್ಕದ ಬಾಗಿಲು ತೆರೆಯಿತು. ಗಂಡನನ್ನು ಮನೆಯಲ್ಲಿ ಕಾಣದೆ ಹುಡುಕಿಕೊಂಡು ಬಂದ ಲವೋನ್‌ಗೆ ಕಂಡದ್ದು: ಕತ್ತಲು, ಪರದೆಯ ಮೇಲೆ ಕೊಡಲಿ, ಕುರ್ಚಿಯಲ್ಲಿ ಕುತ್ತಿಗೆ ವಾಲಿಸಿ ಬಾಯಿ ತೆರೆದ ಗಂಡ.

ಸಿನಿಮಾದವಳೂ ಆಗಲೇ ಕಿರುಚಿದಳು, ಆದರೆ ಅವಳ ಕಿರುಚಾಟ ಯಾರಿಗೂ ಕೇಳಿಸಲಿಲ್ಲ. ಡ್ವೈಟ್‌ನ ಪಾಪ್‌ಕಾರ್ನು ಹಿಮದಂತೆ ಸುರಿಯಿತು. ಓರಿನ್ ಕುರ್ಚಿ ಸಮೇತ ಎಗರಿ ಬಿದ್ದ.

"ಬದುಕಿದೀಯಾ!" ಅಂದಳು ಲವೋನ್, ಸಂತೋಷದಿಂದಲ್ಲ, ಆರೋಪ ಹೊರಿಸುವಂತೆ.

"ಇದ್ದೆ," ಅಂದ ಓರಿನ್ ನೆಲದಿಂದ. "ನೀನು ಬರೋವರೆಗೂ."

"ನಾಚಿಕೆ ಆಗಲ್ವಾ ನಿಂಗೆ? ಎದೆ ಮೇಲೆ ಯಂತ್ರ ಅಂಟಿಸ್ಕೊಂಡು ಕೊಡಲಿ ಸಿನಿಮಾ! ಎಲ್ಲಾ ಬರ್ಕೊಂಡಿರುತ್ತೆ ಅದು. ಮತ್ತೆ ನೀನು, ಡ್ವೈಟ್, ನಿನ್ನ ನಂಬಿ ಪೆಟ್ಟಿಗೆ ಕೊಟ್ಟೆನಲ್ಲ! ಬೆಕ್ಕಿನ ಕೈಗೆ ಹಾಲು ಕೊಟ್ಟ ಹಾಗೆ!"

"ಸಣ್ಣ ದೆವ್ವದ್ದೇ ಹಾಕಿದ್ದೆ," ಅಂದ ಡ್ವೈಟ್.

ಲವೋನ್ ಬಕೆಟ್ಟೊಂದನ್ನು ಬೋರಲು ಹಾಕಿ ಅದರ ಮೇಲೆ ಕೂತು ಅಳತೊಡಗಿದಳು. ಕೊಡಲಿಗೆ, ಬಾವಿಯ ಕೈಗೆ, ಎಲ್ಲದಕ್ಕೂ ಕಿರುಚುವವಳು. ಅಳುವುದನ್ನು ಓರಿನ್ ಕಂಡಿದ್ದು ಅಪರೂಪ. ಅವನು ನೆಲದ ಮೇಲೇ ಅವಳ ಹತ್ತಿರ ಸರಿದ. ಇನ್ನು ಆ ಮೆಟ್ಟಿಲು ಇಳಿಯಲೇಬೇಕು ಅಂದುಕೊಂಡ.

"ನಿಜ ಹೇಳು ಲವೋನ್. ಡಾಕ್ಟ್ರು ನಿಂಗೆ ಏನು ಹೇಳಿದಾರೆ? ನಂದು ಮುಗೀತಂತಾ?"

ಲವೋನ್ ಅಳುವುದನ್ನು ನಿಲ್ಲಿಸಿದಳು. "ಯಾರು ಹೇಳಿದ್ದು ನಿಂಗೆ?"

"ಜೀನೆಟ್‌ಳ ಆಲೂಗೆಡ್ಡೆ. ಬೀದಿ ತುಂಬಾ ಸೇವಂತಿಗೆ. ಎಲ್ರೂ ಪಿಸಪಿಸ ಅಂತಾರೆ. ಬೀದಿಗೆಲ್ಲ ಗೊತ್ತಿರೋದು ನಂಗೊಬ್ಬನಿಗೇ ಗೊತ್ತಿಲ್ಲ."

"ಅಯ್ಯೋ ಪೆದ್ದೇ!" ಅಂದಳು ಲವೋನ್. "ಓರಿನ್‌ಗೆ ಹೆದರಿಕೆ ಆಗೋ ಅಂಥದ್ದೇನೂ ಅಂಗಳದಲ್ಲಿ ಇಡ್ಬೇಡಿ, ಗಟ್ಟಿಯಾಗಿ ಕೂಗ್ಬೇಡಿ ಅಂತ ನಾನೇ ಮನೆಮನೆಗೆ ಹೋಗಿ ಕೇಳ್ಕೊಂಡೆ. ಅಷ್ಟೇ. ಆಲೂಗೆಡ್ಡೆ ಮಾಡಿ ಅಂತ ನಾನು ಹೇಳಿಲ್ಲಪ್ಪ. ಅವರಿಗೆ ಯಾರ ಬಗ್ಗೆ ಮನಸ್ಸು ಕರಗಿದ್ರೂ ಕೈ ತಾನಾಗಿ ಆಲೂಗೆಡ್ಡೆ ತುರಿಯುತ್ತೆ. ಡಾಕ್ಟ್ರು ನಂಗೆ ಹೇಳಿದ್ದೂ ನಿಂಗೆ ಹೇಳಿದ್ದೇ."

ಓರಿನ್ ತಲೆಯಾಡಿಸಿದ. ಅರ್ಧ ನಂಬಿದ. ಸಿನಿಮಾದಲ್ಲೂ ಹೆಂಡತಿ ಕೊನೆಯವರೆಗೆ ಹೀಗೇ ಹೇಳುತ್ತಾಳೆ.

ಮುಂದಿನ ವಾರ ಇಬ್ಬರೂ ಕ್ಲಿನಿಕ್ಕಿನಲ್ಲಿ ಕೂತಿದ್ದರು. ಲವೋನ್ ಕೈಚೀಲವನ್ನು ಹಿಂಡುತ್ತಿದ್ದಳು. ಓರಿನ್ ಗೋಡೆಯ ಮೇಲಿದ್ದ ಹೃದಯದ ಚಿತ್ರ ನೋಡುತ್ತಿದ್ದ. ಎಷ್ಟೊಂದು ಕೊಳವೆ, ಒಂದೂ ನೆಟ್ಟಗಿಲ್ಲ. ಇದನ್ನು ಕೂರಿಸಿದವನನ್ನು ಕೇಳಬೇಕು ಅಂದುಕೊಂಡ. ಎದುರಿನ ಪರದೆಯ ಮೇಲೆ ಡಾಕ್ಟರ್ ಎಲ್ವುಡ್ ಅವನ ವಾರವನ್ನು ಉದ್ದಕ್ಕೆ ಹಾಸಿದರು: ಏರಿಳಿತದ ಒಂದು ಗೆರೆ.

"ಇದು ವಿಚಿತ್ರವಾಗಿದೆ," ಅಂದರು.

ಲವೋನ್ ಓರಿನ್‌ನ ಕಡೆ ಒಂದು ನೋಟ ಎಸೆದಳು. ಆ ನೋಟದಲ್ಲಿ ಗ್ಯಾರೇಜಿತ್ತು.

"ಇಲ್ಲಿ ನೋಡಿ," ಅಂದರು ಡಾಕ್ಟರು. "ಈ ಮಧ್ಯಾಹ್ನ. ಇಡೀ ವಾರದಲ್ಲೇ ಹೃದಯ ತುಂಬ ಶಾಂತವಾಗಿರೋದು ಇಲ್ಲಿ. ಮಗು ಮಲಗಿದ ಹಾಗಿದೆ. ಏನು ಮಾಡ್ತಿದ್ರಿ ಆಗ? ಧ್ಯಾನನಾ?"

ಓರಿನ್ ಗಂಟಲು ಸರಿಮಾಡಿಕೊಂಡ. "ಒಬ್ಬ ಕೊಡಲಿ ಹಿಡ್ಕೊಂಡು ಒಂದು ಸಂಸಾರವನ್ನ ಅಟ್ಟಿಸ್ಕೊಂಡು ಹೋಗ್ತಿದ್ದ, ಡಾಕ್ಟ್ರಮ್ಮ. ನಾನು ನೋಡ್ತಿದ್ದೆ."

ಡಾಕ್ಟರು ಕನ್ನಡಕ ತೆಗೆದು ಅವನನ್ನು ನೋಡಿದರು. ಮತ್ತೆ ಹಾಕಿಕೊಂಡು ಗೆರೆ ನೋಡಿದರು. "ಸರಿ. ಅದಾದ ತಕ್ಷಣ ಇಲ್ಲೊಂದು ಪರ್ವತ ಇದೆಯಲ್ಲ?"

"ಅದು ನಾನು," ಅಂದಳು ಲವೋನ್ ಸಣ್ಣ ದನಿಯಲ್ಲಿ.

"ಓಹೋ. ಮತ್ತೆ ಇಲ್ಲಿ, ಇಲ್ಲಿ, ಇಲ್ಲಿ? ದಿನಾ ಒಂದೊಂದು ಸಲ ಹೀಗೆ ಜಿಗಿದಿದೆ."

ಓರಿನ್ ಬಗ್ಗಿ ನೋಡಿದ. ಶನಿವಾರ, ಭಾನುವಾರ ಚರ್ಚು ಬಿಟ್ಟ ಮೇಲೆ, ಸೋಮವಾರ ಸಂಜೆ. ಅವನಿಗೆ ಗೊತ್ತಾಯಿತು. "ಅದು ಬಾಗಿಲ ಗಂಟೆ," ಅಂದ. "ಸಾವಿನ ಆಲೂಗೆಡ್ಡೆ ಬಂದಾಗ."

ಡಾಕ್ಟರ್ ಎಲ್ವುಡ್ ಹುಟ್ಟಿ ಬೆಳೆದದ್ದೂ ಅಂಥದೇ ಒಂದು ಊರಿನಲ್ಲಿ. ಅವರಿಗೆ ಯಾರೂ ಏನೂ ವಿವರಿಸಬೇಕಾಗಲಿಲ್ಲ. "ಜೀವ ಇರೋ ಮನುಷ್ಯನಿಗೆ ಸಾವಿನ ಆಲೂಗೆಡ್ಡೆ ತಂದ್ರಾ?" ಅಂದವರು ಮೇಜು ಹಿಡಿದುಕೊಂಡು ನಗತೊಡಗಿದರು. ಜೋರು ನಗು. ಗೋಡೆಯಾಚೆಯ ನರ್ಸು ಬಾಗಿಲು ತೆರೆದು ಇಣುಕುವಷ್ಟು ಜೋರು. ಆ ನಗು ಕೇಳಿಯೇ ಓರಿನ್‌ಗೆ ಅರ್ಧ ಉತ್ತರ ಸಿಕ್ಕಿತು. ಸಾಯುವವನ ಮುಂದೆ ಡಾಕ್ಟರು ಹಾಗೆ ನಗುವುದಿಲ್ಲ.

"ಹಾಗಾದ್ರೆ ನನ್ನ ಹೃದಯ?"

"ಚೆನ್ನಾಗಿದೆ. ಬಲೆ ಸರಿಯಾಗಿ ಕೂತಿದೆ, ರಕ್ತ ಸರಾಗವಾಗಿ ಓಡ್ತಿದೆ. ಅಷ್ಟು ಹೆದರಿಸಿದ್ರೂ ಒಂದು ಬಡಿತ ತಪ್ಪಿಲ್ಲ." ಅವರು ಕಣ್ಣೊರೆಸಿಕೊಂಡರು. "ಮಿಸೆಸ್ ಸ್ಟಟ್ಸ್‌ಮನ್, ಇವರು ಸಿನಿಮಾ ನೋಡ್ಲಿ. ಎಷ್ಟು ಬೇಕಾದ್ರೂ ನೋಡ್ಲಿ. ಆದ್ರೆ ಆ ಆಲೂಗೆಡ್ಡೆ ಮುಟ್ಟೋ ಹಾಗಿಲ್ಲ. ಅದರಲ್ಲಿರೋ ಬೆಣ್ಣೆ, ಚೀಸು, ಕೆನೆ! ಅದು ಸತ್ತವರ ಮನೆಯವರಿಗೆ ಅಂತ ಮಾಡಿದ್ದು. ಜಾಸ್ತಿ ತಿಂದ್ರೆ ತಿಂದವರ ಮನೇನೂ ಸಾವಿನ ಮನೆ ಆಗುತ್ತೆ."

ಕಾರಿನೊಳಗೆ ಕೂತು ಬಾಗಿಲು ಹಾಕಿದ ಮೇಲೆ ಲವೋನ್ ಸ್ಟೀರಿಂಗ್ ಚಕ್ರಕ್ಕೆ ಹಣೆ ಒರಗಿಸಿ ದೀರ್ಘವಾಗಿ ಉಸಿರು ಬಿಟ್ಟಳು. ಮಾರ್ಚಿನಲ್ಲಿ ಹಿಡಿದ ಉಸಿರು ಅದು.

"ಚೂರಿ ಎಲ್ಲಿಟ್ಟಿದೀಯ?" ಅಂದಳು ಆಮೇಲೆ.

"ಯಾಕೆ? ನೀನೇ ಮುಗಿಸ್ತೀಯಾ?"

"ಕುಂಬಳಕಾಯಿ ಕೊರೆಯೋಕೆ ಕಣೋ, ಮಂಕೇ."

ಹೊತ್ತು ಮುಳುಗುವಾಗ ಕುಂಬಳಕಾಯಿಗೆ ಕಣ್ಣು ಬಂತು, ಮೂಗು ಬಂತು, ಕೋರೆಹಲ್ಲು ಬಂತು. ಒಳಗೆ ದೀಪ ಬಂತು. ಓರಿನ್ ಕಟ್ಟೆಯ ಮೇಲೆ ನಿಂತು ನೋಡಿದ. ಆಮೇಲೆ ಎದುರು ಮನೆಯ ಕಿಟಕಿಯ ಪರದೆ ಸರಿಯಿತು.

"ಲವೋನ್!" ಬೀದಿಯುದ್ದಕ್ಕೂ ಕೇಳುವಂತೆ ಜೀನೆಟ್‌ಳ ದನಿ. ಅವಳ ಹಳೆಯ ದನಿ, ಗಾಜು ಬಿರಿಯುವಂಥದ್ದು. "ನಿಜವಾಗ್ಲೂನಾ? ಇಲ್ಲಾ ಅವನು ಕದ್ದು ಹಚ್ಚಿದ್ದಾ?"

"ನಿಜವಾಗ್ಲೂ! ಡಾಕ್ಟ್ರು ಒಪ್ಪಿದ್ರು!"

"ದೇವ್ರು ದೊಡ್ಡೋನು! ಹಾಗಿದ್ರೆ ನನ್ನ ತಟ್ಟೆ ಕೊಡೇ!"

ಗ್ಯಾರೇಜಿನ ಬಾಗಿಲುಗಳು ಒಂದೊಂದಾಗಿ ಮೇಲೇಳತೊಡಗಿದವು. ಎರಡಾಳೆತ್ತರದ ಅಸ್ಥಿಪಂಜರ ಜೀನೆಟ್‌ಳ ಗಂಡನ ಹೆಗಲ ಮೇಲೆ ಮಲಗಿ ಅಂಗಳಕ್ಕೆ ಬಂದು ಎದ್ದು ನಿಂತಿತು, ಮಂಡಿ ನೋವು ವಾಸಿಯಾದವರ ಹಾಗೆ. ಸೇವಂತಿಗೆಯ ನಡುವೆ ಗೋರಿಕಲ್ಲು ಎದ್ದವು. ಮೂಲೆ ಮನೆಯವರು ಮರಕ್ಕೆ ಮಾಟಗಾತಿಯನ್ನು ಕಟ್ಟುತ್ತ, ಈ ಕಾಲು ಎಡಗಾಲೋ ಬಲಗಾಲೋ ಎಂದು ಜಗಳವಾಡುತ್ತಿದ್ದರು. ಕುರ್ಚಿ ಹಿಡಿದು ಮೊದಲು ಬಂದವನು ಡ್ವೈಟ್. ಹಿಂದೆ ಒಂದು ಕೈಗಾಡಿಯಲ್ಲಿ ಪೆಟ್ಟಿಗೆಗಳು.

"ಇವತ್ತು ದೊಡ್ಡ ದೆವ್ವದ್ದು," ಅಂದ.

ನೆಲಮಾಳಿಗೆ ತುಂಬಿತು. ಡೋನಟ್ಟುಗಳು ಕೈಯಿಂದ ಕೈಗೆ ಹೋದವು. ಜೀನೆಟ್ ಹೊಸದಾಗಿ ಏನೋ ತಂದಿದ್ದಳು, ಓರಿನ್ ಹಾಳೆಯ ಮೂಲೆ ಎತ್ತಲು ಹೋದರೆ, "ಕ್ಯಾರೆಟ್ಟು, ಕ್ಯಾರೆಟ್ಟು! ಹಸೀದು! ಬೆಣ್ಣೆ ಮುಟ್ಸಿಲ್ಲ!" ಅಂತ ಅವಳು ತಪ್ಪಾಯಿತೆನ್ನುವಂತೆ ಕಿವಿ ಹಿಡಿದುಕೊಂಡಳು. ದೀಪ ಆರಿತು. ಫರ್ನೇಸು ಗೊರಗೊರ ಅಂದಿತು.

ಲವೋನ್ ಸೋಫಾದಲ್ಲಿ ಓರಿನ್‌ನ ಪಕ್ಕಕ್ಕೆ ಕೂತು, ಕಂಬಳಿ ಹೊದ್ದು, ಅವನ ಕೈ ಹಿಡಿದಳು. ಹಿಡಿದ ರೀತಿ ಬೇರೆಯಾಗಿತ್ತು. ಓರಿನ್ ಕೆಳಗೆ ನೋಡಿದ: ಅವಳ ಎರಡು ಬೆರಳು ಅವನ ಮಣಿಕಟ್ಟಿನ ಒಳಭಾಗದಲ್ಲಿ, ನಾಡಿಯ ಮೇಲಿದ್ದವು. ಅವಳು ಪರದೆ ನೋಡುತ್ತಿರಲಿಲ್ಲ. ಕಣ್ಣು ಮುಚ್ಚಿ, ತುಟಿ ಅಲುಗಿಸುತ್ತ ಎಣಿಸುತ್ತಿದ್ದಳು. ಎಣಿಸಲಿ, ಅಂದುಕೊಂಡ.

ಪರದೆಯ ಮೇಲೆ ಹುಡುಗಿಯೊಬ್ಬಳು ಮೇಣದಬತ್ತಿ ಹಿಡಿದು ಕೆಳಗಿನ ಮೆಟ್ಟಿಲಿಗೆ ಕಾಲಿಟ್ಟಳು.

"ಬೇಡ ಕಣೇ!" ಅಂದರು ಎಲ್ಲರೂ.

"ಹೋಗಲಿ ಬಿಡಿ," ಅಂದ ಓರಿನ್. "ಅಲ್ಲಿರೋದು ಹಳೇ ಎಣ್ಣೆ ಫರ್ನೇಸು. ಫಿಲ್ಟರ್ ಬದಲಾಯಿಸಿಲ್ಲ, ಅದಕ್ಕೇ ಉಸಿರಾಡೋ ಶಬ್ದ..."

ಫರ್ನೇಸಿನ ಹಿಂದಿನಿಂದ ಒಂದು ಬಿಳಿಚಿದ ಮುಖ ಎದ್ದಿತು.

ನೆಲಮಾಳಿಗೆ ಒಟ್ಟಿಗೆ ಚೀರಿತು. ಲವೋನ್ ಎಲ್ಲರಿಗಿಂತ ಜೋರಾಗಿ ಚೀರಿದಳು. ಎಣಿಕೆ ಎಲ್ಲಿಗೆ ಹೋಯಿತೋ. ಎರಡು ಬೆರಳು ಹತ್ತಾಗಿ, ನಾಡಿ ಬಿಟ್ಟು, ಅವನ ಮುಂದೋಳಿಗೆ ಉಗುರು ಸಮೇತ ಇಳಿದವು.

ನೋವಾಯಿತು. ಓರಿನ್ ಕತ್ತಲಲ್ಲಿ ನಕ್ಕ, ತೋಳನ್ನು ಹಾಗೇ ಬಿಟ್ಟ.